ಬಾನೆಟ್ಟಿನೊಳಗಿನ ಭಂಡಾರ

“ನಿಲ್ರೀ! ಆ ಗನ್ ಕೆಳಗಿಡ್ರಿ ಮೊದಲ!”

ಶುಭಾಂಗಿಯ ಕೈ ಅಲ್ಲೇ ನಿಂತಿತು. ಏಕಸಂಬಿಯ ವಾಷಿಂಗ್ ಸೆಂಟರಿನಲ್ಲಿ ಯಾರೂ ಕಾಣದ್ದಕ್ಕೆ ತಾನೇ ನೀರಿನ ಗನ್ ಎತ್ತಿ, ಅಪ್ಪನ ಜೀಪಿನ ತೆರೆದ ಬಾನೆಟ್ಟಿಗೆ ಗುರಿಯಿಟ್ಟಿದ್ದಳು.

ಓಡಿ ಬಂದವನು ಸೆಂಟರಿನ ಮಾಲೀಕ ಸುರಜ.

“ಚಿಕ್ಕೋಡಿಯಿಂದ ಈಗ ಬಂದೀರಿ, ಇಂಜಿನ್ ಕೆಂಡ ಆಗೇತಿ. ತಣ್ಣೀರ ಬಿದ್ರ ಸೀಳತೈತಿ!”

“ನಂಗೇನ ಗೊತ್ರಿ? ನಮ್ಮ ಬ್ಯಾಂಕಿನ್ಯಾಗ ಇಂಜಿನ್ ತೊಳಿಯೂದ ಕಲಸೂದಿಲ್ಲ!”

“ನಮ್ಮಲ್ಲಿ ಸಿಟ್ಟ ತೊಳಿಯೂದಿಲ್ರಿ. ಚಹಾ ಕುಡೀರಿ. ಇಬ್ರೂ ತಣ್ಣಗಾಗ್ರಿ... ಇಂಜಿನ್ನೂ, ನೀವೂ.”

ಎಂಥಾ ಸೊಕ್ಕು! ಆದರೂ ಅವಳು ಕುಳಿತು ನೋಡಿದಳು.

ಅವನು ಬ್ಯಾಟರಿಯ ವೈರು ಬಿಚ್ಚಿದ. ಫ್ಯೂಸಿನ ಪೆಟ್ಟಿಗೆ, ಅಲ್ಟರ್ನೇಟರ್, ಗಾಳಿ ಎಳೆಯುವ ಬಾಯಿ, ಎಲ್ಲಕ್ಕೂ ಪ್ಲಾಸ್ಟಿಕ್ ಚೀಲ ಕಟ್ಟಿದ. ಎಷ್ಟೋ ದಸರೆಗಳ ಖಂಡೇಪೂಜೆಯಲ್ಲಿ ಏರಿಸಿದ ಭಂಡಾರದ ಅರಿಶಿನ ಎಣ್ಣೆಯಲ್ಲಿ ಬೆರೆತು, ಕಬ್ಬಿನ ಒಣಗರಿಯ ಧೂಳು ಕುಡಿದು ಹೆಪ್ಪುಗಟ್ಟಿತ್ತು. ಅದರ ಮೇಲೆ ಸೋಪಿನ ನೊರೆ ಹಚ್ಚಿ, ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದ. ಗನ್ನಿನ ಒತ್ತಡ ಇಳಿಸಿ, ದೂರ ನಿಂತು ನೀರು ಬಿಟ್ಟ.

ಕಪ್ಪು ಹರಿಯಿತು... ಹಳದಿ ಹರಿಯಿತು... ಆಮೇಲೆ ಬೆಳ್ಳಗೆ ಲೋಹ ಹೊಳೆಯಿತು!

ಅಬ್ಬಾ! ಹುಟ್ಟಿದಾಗಿನಿಂದ ಕೂತ ಜೀಪಿನೊಳಗೆ ಇದೇ ಇತ್ತೇ? ಅವಳಿಗೆ ರೆಪ್ಪೆ ಬಡಿಯುವುದೇ ಮರೆತುಹೋಯಿತು.

ಗಾಳಿಯಿಂದ ಎಲ್ಲ ಒಣಗಿಸಿ, ವೈರು ಜೋಡಿಸಿ ಅವನು ಕೀಲಿ ತಿರುವಿದ. ಜೀಪು ಗುಡುಗಿತು.

ಆದರೆ ಮರುದಿನ ಬೆಳಿಗ್ಗೆ... ಮನೆಯ ಅಂಗಳದಲ್ಲಿ ಅದೇ ಜೀಪು ಕೆಮ್ಮಲೂ ಇಲ್ಲ!

ಶುಭಾಂಗಿ ಕೆಂಡವಾದಳು. ತಾಲ್ಲೂಕಿನ ಗಾಡಿ ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಬರೆದೇಬಿಟ್ಟಳು: ‘ಸುರಜನ ಸೆಂಟರಿಗೆ ಹೋಗಬ್ಯಾಡ್ರಿ. ಇಂಜಿನ್ ಕೆಡಸ್ತಾನ.’ ಆಮೇಲೆ ಫೋನು ಮಾಡಿ ಅವನನ್ನೂ ಜಾಡಿಸಿದಳು.

ಸುರಜ ಬಂದ. ಫ್ಯೂಸಿನ ಪೆಟ್ಟಿಗೆ ತೆರೆದ. ಒಳಗೆ ಅಂಟಂಟಾದ ಹಳದಿ ನೀರು, ಕಾಯಿಯ ನಾರಿನ ಎಳೆ. ಹೊಸ್ತಿಲಲ್ಲಿ ಇಂಜಿನ್ನಿಗೆ ಕೈಮುಗಿದು ನಿಂತ ಅವಳ ತಾಯಿ ದುಂಡವ್ವನತ್ತ ಅವನ ಕಣ್ಣು ಹೊರಳಿತು.

“ನಂದ ತಪ್ರಿ,” ಎಂದ ಮೆಲ್ಲಗೆ. “ಮುಚ್ಚಳ ಸರಿ ಹಾಕಿರಲಿಲ್ಲ.”

ಒರೆಸಿ, ಒಣಗಿಸಿ, ಜೀಪು ಚಾಲೂ ಮಾಡಿ ಹೊರಟುಹೋದ.

ದುಂಡವ್ವ ಹೊಗಳಿದಳು: “ಚಲೋ ಹುಡುಗ ಬೇ! ಇಂಜಿನ್ ಮದಲಗಿತ್ತಿ ಕಂಡಂಗ ಕಾಣತಿತ್ತ. ನಿನ್ನಿ ಸಂಜಿಕ ಭಂಡಾರ ಏರಿಸಿ, ಟೆಂಗಿನಕಾಯಿ ಒಡದ ನೀರ ಪೂರಾ ಅದರ ಮ್ಯಾಲ ಬಿಟ್ಟೆ!”

“ಅವ್ವಾ...!”

ಅವನಿಗೆ ಗೊತ್ತಿತ್ತು! ಗೊತ್ತಿದ್ದೂ ಅವಮಾನವನ್ನು ತಾನೇ ನುಂಗಿದ! ಎಂಥಾ ಮನುಷ್ಯ ಇವನು...

ಗುಂಪಿನಲ್ಲಿ ನಿಜ ಬರೆದು ಕ್ಷಮೆ ಕೇಳಿದಳು. ಉತ್ತರವಿಲ್ಲ. ಕರೆ ಮಾಡಿದಳು. ಎತ್ತಲಿಲ್ಲ. ಅವನನ್ನು ಕಳೆದುಕೊಂಡೆನೇ?

ಅಪ್ಪನ ಮೊಬೈಲು ಎತ್ತಿಕೊಂಡು ಏಕಸಂಬಿಗೆ ಹೊರಟಳು. ಸೆಂಟರಿನಲ್ಲಿ ನಿಂತ ಟ್ರಾಕ್ಟರಿನ ಹಿಂದೆ ಅಡಗಿ, ಆ ಮೊಬೈಲಿನಿಂದ ಅವನಿಗೆ ಕರೆ ಮಾಡಿ, ಅಪ್ಪನಂತೆ ಗಂಟಲು ಕೆರೆದು ದನಿ ದಪ್ಪ ಮಾಡಿದಳು:

“ಲೇ ಸುರಜಾ! ನಾ ಶುಭಾಂಗಿ ಅಪ್ಪ ಅಣ್ಣಾಸಾಬ! ನನ್ನ ಮಗಳ ಮ್ಯಾಲ ಸಿಟ್ಟ ಏನಲೇ?”

ಫೋನು ಕಿವಿಗಿಟ್ಟಿದ್ದ ಅವನು ತಟ್ಟನೆ ಎದ್ದು, ಒದ್ದೆ ಕೈ ಅಂಗಿಗೆ ಒರೆಸಿಕೊಂಡ.

“ಸಿಟ್ಟಲ್ರಿ ಮಾಮಾ... ಅಂಜಿಕಿ. ಆಕಿ ದನಿ ಕೇಳಿದ್ರ ಮನಸಿನ್ಯಾಗಿಂದ ಎಲ್ಲಾ ಬಾಯಿಗೆ ಬರ್ತೈತಿ ಅಂತ ಫೋನ್ ಎತ್ತಲಿಲ್ಲ. ಆ ದಿನ ಇಂಜಿನ್ ಹೊಳಿಯೂದ ನೋಡಿ ಆಕಿ ಕಣ್ಣ ಅರಳಿದ್ವು... ನಾ ಆ ಕಣ್ಣ ನೋಡಕೋತ ನಿಂತಬಿಟ್ಟೆ. ನೀವ ಹೂಂ ಅಂದ್ರ... ಲಗ್ನ ಆಗತೇನ್ರಿ.”

ಅಪ್ಪನ ದನಿ ಅವಳ ಗಂಟಲಲ್ಲೇ ಕರಗಿತು.

“ಹೂಂ...” ಬಂದದ್ದು ಅವಳದೇ ದನಿ!

ಸುರಜ ಗಕ್ಕನೆ ತಿರುಗಿದ. ಟ್ರಾಕ್ಟರಿನ ಗಾಲಿಯಾಚೆ ಒದ್ದೆ ಕಣ್ಣಿನ ‘ಅಣ್ಣಾಸಾಬ’!

“ನಮ್ಮವ್ವನ ತಪ್ಪ ಯಾಕ ಮೈಮ್ಯಾಲ ಹಾಕ್ಕೊಂಡ್ರಿ?”

“ಅವರು ದೇವರ ಮುಂದ ನಿಂತಂಗ ನಿಂತಿದ್ರು. ಅದನ್ನ ತಪ್ಪ ಅನ್ನಾಕ ನಂಗ ಬಾಯಿ ಬರಲಿಲ್ಲ.”

ಅವಳು ಕಣ್ಣೊರೆಸಿಕೊಂಡಳು. ಕೊನೆಗೆ ಪಿಸುಗುಟ್ಟಿದಳು: “ಇನ್ನ ಖರೇ ಅಣ್ಣಾಸಾಬಗ ಯಾರ ಹೇಳೋರು?”

“ನಾನ. ನಿಮ್ಮ ದನಿ ತಗದ!” ಸುರಜ ಸೆರಗು ಹೊದ್ದಂತೆ ಟವೆಲು ಹೊದ್ದು ಕೀರಲಿದ: “ಅಪ್ಪಾ, ನಂಗ ಈ ವಾಷಿಂಗ್ ಹುಡುಗ ಬೇಕ್ರೀ...”

ಅವಳು ಅಳುತ್ತಲೇ ನಕ್ಕಳು. ಅವನು ಮಾತ್ರ ಟ್ರಾಕ್ಟರಿಗೆ ಒರಗಿ, ಹೊಟ್ಟೆ ಹಿಡಿದು, ರಸ್ತೆಗೆ ಕೇಳುವಂತೆ ನಕ್ಕ.