ಕೆಂಪು ವೃತ್ತದ ಕಾರ್ಡು

ಗಡಿಯಾರ ರಿಪೇರಿಯವನು ಅವತ್ತೂ ಕಲಾ ಗ್ಯಾಲರಿಯ ಕಾರ್ಡ್ ಕೌಂಟರಿಗೆ ಬಂದ. ಸ್ಟ್ಯಾಂಡು ತಿರುಗಿಸಿದ. ತ್ರಿಕೋನ, ಚೌಕ, ಓರೆಗೆರೆಗಳ ಚಿತ್ರಗಳು ಅವನ ಬೆರಳಡಿ ರಂಗುರಂಗಾಗಿ ಸುತ್ತಿದವು. ಒಂದನ್ನು ಎತ್ತಿ ಹಿಡಿದು ಎಂದಿನಂತೆ ಕೇಳಿದ:

“ಇದು ಕೆಂಪಾ, ಹಸಿರಾ?”

ಕಾರ್ಡು ಮಾರುವವಳಿಗೆ ಮೈಯೆಲ್ಲ ಉರಿಯಿತು. ಕಣ್ಣೆದುರಿನ ಬಣ್ಣ ಗೊತ್ತಾಗುವುದಿಲ್ಲವೆ? ಮಾತಿಗೆಳೆಯುವ ನೆಪ! ಇಂಥದೇ ನಯದ ಮಾತಿನವನೊಬ್ಬ ಅಕ್ಕನಿಗೆ ಕೈಕೊಟ್ಟು ಹೋದದ್ದನ್ನು ಅವಳು ಹತ್ತಿರದಿಂದ ಕಂಡಿದ್ದಳು.

“ಕಣ್ಣುಬಿಟ್ಟು ನೋಡಿದ್ರೆ ತಿಳಿಯುತ್ತೆ.”

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ತನಗೇಕೆ ಗೊತ್ತು? ಅವಳಿಗೆ ತನ್ನ ಮೇಲೂ ಅನುಮಾನ ಬಂತು.

“ನಾಳೆ ಅಮ್ಮನ ಹುಟ್ಟುಹಬ್ಬ. ಅವರಿಗೆ ಕೆಂಪು ಅಂದ್ರೆ ಪ್ರಾಣ. ಕೆಂಪು ವೃತ್ತ ಇರೋದನ್ನ ನೀವೇ ಆರಿಸಿಕೊಡಿ.”

ಈಗ ಸಿಕ್ಕಿಬೀಳುತ್ತಾನೆ ಎಂದುಕೊಂಡಳು. ಬೇಕೆಂದೇ ಹಸಿರು ವೃತ್ತದ್ದನ್ನು ಕೊಟ್ಟಳು. “ತಗೊಳ್ಳಿ, ಅಪ್ಪಟ ಕೆಂಪು.”

ಅವನು ಅದನ್ನು ಜೋಪಾನವಾಗಿ ಅಂಗಿಯ ಜೇಬಿಗಿಟ್ಟು, “ಥ್ಯಾಂಕ್ಸ್ ರೀ,” ಎಂದು ಹೊರಟೇಹೋದ.

ಹಾಗಾದರೆ ಅವನಿಗೆ ನಿಜಕ್ಕೂ ಬಣ್ಣ ತಿಳಿಯುವುದಿಲ್ಲವೆ? ಅವಳು ಕೌಂಟರಿನಿಂದ ಈಚೆ ಬರುವಷ್ಟರಲ್ಲಿ ಅವನು ಬೀದಿ ದಾಟಿದ್ದ.

ಮರುದಿನ ಬಂದವನ ಮುಖದಲ್ಲಿ ನಗುವಿರಲಿಲ್ಲ. ಕಾರ್ಡನ್ನು ಬೋರಲಾಗಿ ಇಟ್ಟ. ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿ ಚಿತ್ರದ ಹೆಸರು: ‘ಹಸಿರು ವೃತ್ತ’.

“ಶುಭಾಶಯ ಬರೆಯೋಕೆ ಕೂತಾಗ ನೋಡಿದೆ. ಹುಟ್ಟಿನಿಂದ ನನಗೆ ಕೆಂಪು, ಹಸಿರು ಒಂದೇ ಥರ ಕಾಣುತ್ತೆ. ಯಾಕ್ರೀ ಸುಳ್ಳು ಹೇಳಿದ್ರಿ?”

“ನಾಟಕ ಆಡ್ತಿದ್ದೀರ ಅನ್ಕೊಂಡೆ. ತಪ್ಪಾಯ್ತು.” ಅವಳ ಕಣ್ಣು ತುಂಬಿತು. ಕಾರ್ಡು ಎತ್ತಿಕೊಳ್ಳಹೋದವಳು ಥಟ್ಟನೆ ನಿಂತಳು. “ಒಂದ್ನಿಮಿಷ. ಎಲ್ಲಾ ಕಾರ್ಡಿನ ಹಿಂಬದೀಲೂ ಚಿತ್ರದ ಹೆಸರಿರುತ್ತೆ. ತಿರುಗಿಸಿ ಓದ್ಬಹುದಿತ್ತಲ್ಲ?”

ಅವನು ತಲೆ ಕೆರೆದುಕೊಂಡ. “ಮೊದಮೊದಲು ಓದ್ತಿದ್ದೆ. ನೀವು ಹೇಳೋಕೆ ಶುರುಮಾಡಿದ್ಮೇಲೆ ಬಿಟ್ಟೆ.”

“ಅಂದ್ರೆ ನೆಪಾನೇ!”

“ಕಣ್ಣಿನ ತೊಂದರೆ ನಿಜ. ದಿನಾ ಬಂದು ಕೇಳಿದ್ದು ನೆಪ. ನಿಮ್ಮನ್ನ ಇಷ್ಟಪಡ್ತೀನಿ ಅಂತ ನೇರವಾಗಿ ಹೇಳೋ ಧೈರ್ಯ ಇರ್ಲಿಲ್ಲ.”

ಎಲ್ಲಾದರೂ ಸುಳ್ಳು ಅಡಗಿದೆಯೇ ಎಂದು ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಕಡೆಗೆ ಅವಳೇ ತಪ್ಪಿಸಿ, ಸ್ಟ್ಯಾಂಡಿನಿಂದ ಕೆಂಪು ವೃತ್ತದ ಕಾರ್ಡು ತೆಗೆದಳು.

“ಇದನ್ನ ನಿಮ್ಮಮ್ಮನಿಗೆ ನಾನೇ ಕೊಡ್ತೀನಿ. ಸುಳ್ಳು ಹೇಳಿದ್ದನ್ನೂ ನಾನೇ ಒಪ್ಕೋತೀನಿ.”

“ಮನೆಗೇ ಬರ್ತೀರಾ?” ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಯಾಕೆ, ಹೆದರಿಕೇನಾ?”

“ನೀವು ಯಾರು ಅಂತ ಅಮ್ಮ ಕೇಳ್ತಾರೆ.”

“ಕೇಳ್ಲಿ. ನೀವು ಏನು ಹೇಳ್ತೀರೋ ನಾನೂ ನೋಡ್ಬೇಕು,” ಎಂದವಳೇ ಕೌಂಟರಿಗೆ ಬೀಗ ಹಾಕಿ ಅವನ ಜೊತೆ ಹೊರಟಳು.