ಆ ತುದಿಯಿಂದ ಬಂದ ಉತ್ತರ

ಶ್ರೀನಿವಾಸಪುರದ ಬಳಿಯ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಪೈಪುಗಳ ನಕ್ಷೆಯನ್ನು ಕಾಲಕಾಲಕ್ಕೆ ತಿದ್ದಿಡುವುದು ನನ್ನ ಕೆಲಸ. ತಿದ್ದದೆ ಬಿಟ್ಟ ನಕ್ಷೆಯನ್ನು ನಂಬಿ ಶೀತಲಗೃಹಕ್ಕೆ ತಂಪೊದಗಿಸುವ ಅಮೋನಿಯಾ ಅನಿಲದ ಪೈಪು ಕತ್ತರಿಸಿ, ವೆಲ್ಡರ್ ಮುಖ್ತಿಯಾರನ ಅಣ್ಣ ಸತ್ತಿದ್ದ. ಅಂದಿನಿಂದ ನಮ್ಮಲ್ಲೊಂದು ಪದ್ಧತಿ: ಒಬ್ಬ ಪೈಪಿನ ಈ ತುದಿಯನ್ನು ಸ್ಪ್ಯಾನರಿನಿಂದ ಬಡಿಯಬೇಕು, ಇನ್ನೊಬ್ಬ ಆ ತುದಿಯಿಂದ ಬಡಿದು ಉತ್ತರಿಸಬೇಕು. ಎರಡೂ ಒಂದೇ ಪೈಪಿನ ತುದಿಗಳೆಂದು ಖಾತ್ರಿಯಾದ ಮೇಲಷ್ಟೇ ನಕ್ಷೆ ತಿದ್ದುವುದು, ಪೈಪು ಕತ್ತರಿಸುವುದು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹಳೆಯ ಪೈಪೊಂದನ್ನು ಮುಖ್ತಿಯಾರ್ ಕತ್ತರಿಸಬೇಕಿತ್ತು. ನಕ್ಷೆಯಲ್ಲಿ ಅದು 'ಬಳಕೆಯಲ್ಲಿಲ್ಲ' ಎಂದಿತ್ತು. ಅವನು ಶೆಡ್ಡಿನ ಹಿಂದಿನ ತುದಿಗೆ ಹೋದ. ಯಾವುದಕ್ಕೂ ಸೇರದೆ ಬಿಟ್ಟಿದ್ದ ಈ ತುದಿಯನ್ನು ನಾನು ಎರಡು ಸಲ ಬಡಿದೆ. ಎರಡು ಸಲ ಉತ್ತರ ಬಂತು. ಸ್ವಲ್ಪ ತಡೆದು, ನಾನು ಬಡಿಯದೆಯೇ ಇನ್ನೊಮ್ಮೆ ಬಂತು.

ಅಷ್ಟರಲ್ಲಿ ಮುಖ್ತಿಯಾರ್ ನನ್ನ ಬೆನ್ನ ಹಿಂದೆಯೇ ಬಂದು ನಿಂತ.

"ಏನ್ ಸಾರ್, ಸುಮ್ನೆ ಬಿಸಿಲಲ್ಲಿ ಓಡಾಡಿಸ್ತೀರಾ? ಆ ಕಡೆ ತುದೀನೇ ಇಲ್ಲ. ಗೋಡೆ ಹತ್ರಾನೇ ಕಟ್ ಮಾಡಿ ಸಿಮೆಂಟ್ ಮೆತ್ತವ್ರೆ."

"ಮತ್ತೆ ಬಡಿದಿದ್ದು ಯಾರು?"

"ನನ್ ಹತ್ರ ತಮಾಷೆನಾ?" ಎಂದು ನಗುತ್ತ ಪೈಪಿನ ಮೇಲೆ ಅಂಗೈ ಇಟ್ಟವನು ಸರಕ್ಕನೆ ತೆಗೆದ. ಅಂಗೈಯಲ್ಲಿ ಬಿಳಿಯ ಹಿಮ ಅಂಟಿತ್ತು.

"ನಾನ್ ಕಟ್ ಮಾಡಲ್ಲ ಸಾರ್. ಬರ್ಕೊಳ್ಳಿ."

'ಬಳಕೆಯಲ್ಲಿದೆ, ಕತ್ತರಿಸಬಾರದು' ಎಂದು ತಿದ್ದಿ ತಾರೀಖು ಹಾಕಿದೆ.

ಈ ವರ್ಷದ ಪರಿಶೀಲನೆಗೆ ಹೊಸದಾಗಿ ಸೇರಿದ ಮೌನಿಕಾ ಹೋದಳು. "ಎರಡೂ ಕಡೆ ಏನೂ ಸೇರ್ದೇ ಇರೋ ಪೈಪು ಬಳಕೆಯಲ್ಲಿ ಹೆಂಗಿರುತ್ತೆ ಸಾರ್? ಇವತ್ತೇ ಅಳಿಸ್ತೀನಿ" ಎಂದಿದ್ದಳು. ಹಿಂತಿರುಗಿದವಳು ಅಂಗೈ ಉಜ್ಜಿಕೊಳ್ಳುತ್ತ ತನ್ನ ಮೇಜಿಗೆ ಹೋದಳು. ಸಂಜೆ ನಕ್ಷೆ ತೆರೆದು ನೋಡಿದೆ. ನನ್ನ ಸಾಲು ಹಾಗೆಯೇ ಇತ್ತು. ಅದರ ಕೆಳಗೆ ಅವಳ ಸಹಿ, ಹೊಸ ತಾರೀಖು.