ಉದಾಹರಣೆ ವಾಕ್ಯದ ಕುರಾತಾ

ಕುರಾತಾ ಎಂಬ ಮನುಷ್ಯನನ್ನು ನಾನು ಮೊದಲು ಕಂಡದ್ದು ಒಂದು ಪೇಟೆಂಟ್ ಅರ್ಜಿಯ ಮೂರನೆಯ ಪುಟದಲ್ಲಿ.

"ಕುರಾತಾ ಅವರು ಬುಧವಾರ ಆರು ಗಂಟೆಗೆ ಸ್ಟೇಷನ್ ಮುಂದೆ ನಿಂತಿದ್ದರು" ಎಂದು ಅಲ್ಲಿ ಬರೆದಿತ್ತು.

ಅದು ೧೯೮೨ರ ಅಕ್ಟೋಬರ್. ಕವಾಸಾಕಿಯಲ್ಲಿದ್ದ ನಮ್ಮ ಕಂಪನಿ ಬರಹದ ಯಂತ್ರಗಳನ್ನು, ಅಂದರೆ ವರ್ಡ್ ಪ್ರೊಸೆಸರುಗಳನ್ನು, ತಯಾರಿಸುತ್ತಿತ್ತು. ಪ್ರಯೋಗಶಾಲೆಯವರು ತಿಂಗಳಿಗೊಂದು ಹೊಸ ಉಪಾಯವನ್ನು ಬರೆದು ಕೊಡಲೇಬೇಕೆಂಬ ಕಟ್ಟಳೆಯಿತ್ತು. ಅವರು ಪೆನ್ಸಿಲಿನಲ್ಲಿ ಗೀಚಿದ್ದನ್ನು ಕಾನೂನಿನ ಭಾಷೆಗೆ ತರುವುದು ಪೇಟೆಂಟ್ ವಿಭಾಗದಲ್ಲಿದ್ದ ನನ್ನ ಕೆಲಸ. ಸಾಫ್ಟ್‌ವೇರ್ ಹೇಗೆ ನಡೆಯುತ್ತದೆಂದು ತೋರಿಸಲು ಪ್ರತಿ ಅರ್ಜಿಗೂ ಒಂದು ಉದಾಹರಣೆ ವಾಕ್ಯ ಬೇಕು. ಎಲ್ಲರೂ "ಇಂದು ಹವೆ ಚೆನ್ನಾಗಿದೆ" ಎಂದೇ ಬರೆಯುತ್ತಿದ್ದರು. ನಮ್ಮ ಕಡತಗಳಲ್ಲಿ ಏಳು ವರ್ಷದಿಂದ ಮಳೆಯೇ ಬಂದಿರಲಿಲ್ಲ.

ಪ್ರಯೋಗಶಾಲೆಯ ಓಗಿನೊ ಮಿಸಾವೊ ಒಬ್ಬಳೇ ಕುರಾತಾನನ್ನು ಬರೆದಳು.

ಅವಳಿಗೆ ಆಗ ಇಪ್ಪತ್ತೆಂಟು, ನನಗೆ ಮೂವತ್ತೊಂದು. ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿಕೊಂಡು, ಮೂಗಿನ ಮೇಲೆ ಪೆನ್ಸಿಲ್ ಮಸಿ ಹತ್ತಿಸಿಕೊಂಡು, ತಿಂಗಳ ಕೊನೆಯ ದಿನ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದಳು. ಆ ಒಂದು ದಿನಕ್ಕಾಗಿ ನಾನು ಉಳಿದ ಇಪ್ಪತ್ತೊಂಬತ್ತು ದಿನಗಳನ್ನು ಸವೆಸುತ್ತಿದ್ದೆ. ಎರಡು ವರ್ಷ ಹಾಗೇ ಕಳೆದಿತ್ತು. ಹೇಳುವ ಧೈರ್ಯವಿರಲಿಲ್ಲ.

"ಈ ಕುರಾತಾ ಯಾರು?" ಎಂದು ಕೇಳಬೇಕೆಂದುಕೊಂಡೆ. ಬಾಯಿಂದ ಬಂದದ್ದು ಬೇರೆ.

"ಇಲ್ಲಿ ಮೇಲ್ಕಂಡ ಪದಸಮೂಹ ಅಂದ್ರೆ ಯಾವುದು?"

"ಹುಡುಕಬೇಕಾದ ಪದ. ಕುರಾತಾ. ನೋಡಿ, ಎಷ್ಟು ಉದ್ದದ ಬರಹದಲ್ಲಿದ್ರೂ ಒಂದೇ ಕ್ಷಣದಲ್ಲಿ ಸಿಕ್ಕಿಬಿಡ್ತಾರೆ" ಎಂದಳು. ಎಂದವಳು ನನ್ನ ಕಿವಿಯ ಕಡೆ ನೋಡಿ, ಏನೋ ನೆನಪಾದವಳಂತೆ ತುಟಿ ಬಿಗಿಹಿಡಿದು ಹೊರಟುಹೋದಳು.

ನವೆಂಬರಿನ ಅರ್ಜಿ ಉದ್ದದ ಸಾಲನ್ನು ಎಲ್ಲಿ ಮುರಿಯಬೇಕೆಂದು ತೀರ್ಮಾನಿಸುವ ವಿಧಾನದ್ದು. ಅದಕ್ಕೆ ಉದ್ದದ ವಾಕ್ಯ ಬೇಕಲ್ಲವೇ? "ಕುರಾತಾ ಅವರು ತಣ್ಣನೆಯ ಸೋಬಾ ಶಾವಿಗೆಯನ್ನು ಎರಡು ತಟ್ಟೆ ತಿಂದು, ಮೂರನೆಯದನ್ನು ಕೇಳಲು ನಾಚಿಕೊಂಡು, ನನ್ನ ತಟ್ಟೆಯ ಕಡೆ ನೋಡಿದರು."

ಅಂದರೆ ಅವಳ ತಟ್ಟೆ ಎದುರಿಗೇ ಇತ್ತು! ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸೋಬಾ ಇತ್ತು. ನಾನು ಅನ್ನ ತಿಂದೆ.

ಡಿಸೆಂಬರಿನದು ಪ್ರೋಗ್ರಾಂ ಬರೆಯುವವರಿಗಾಗಿ ಮಾಡಿದ ಸಾಧನ. ತೆರೆದ ಆವರಣ ಚಿಹ್ನೆಯನ್ನು ಮುಚ್ಚದೆ ಬಿಟ್ಟಿದ್ದರೆ ಅದು ಹುಡುಕಿ ಕೊಡುತ್ತಿತ್ತು. ಇಲ್ಲಿ ವಾಕ್ಯಕ್ಕೆ ಜಾಗವಿಲ್ಲ, ಬದುಕಿಕೊಂಡೆ ಎಂದುಕೊಂಡೆ. ನೋಡಿದರೆ ಎಣಿಕೆ ಇಡುವ ಸ್ಥಾನಕ್ಕೇ ಕುರಾತಾ ಎಂದು ಹೆಸರಿಟ್ಟಿದ್ದಳು. ಮೊದಲ ಸಾಲಿನಲ್ಲಿ ಕುರಾತಾನ ಬೆಲೆ ಸೊನ್ನೆ. ಅದನ್ನು ಓದಿ ಮನಸ್ಸಿಗೆ ತಂಪಾಯಿತು. ಆದರೆ ಪ್ರೋಗ್ರಾಂ ಒಂದೊಂದು ಸುತ್ತು ತಿರುಗಿದಾಗಲೂ ಅವನ ಬೆಲೆ ಒಂದೊಂದು ಏರುತ್ತ ಹೋಯಿತು.

ನಾನು ಅಮಿದ ಬುದ್ಧನ ನಾಮವನ್ನು ನಂಬಿದ ಮನೆಯಲ್ಲಿ ಹುಟ್ಟಿದವನು. ನಮ್ಮ ಪಂಥದಲ್ಲಿ ನಾಮವನ್ನು ಕೃತಜ್ಞತೆಯಿಂದ ಹೇಳಬೇಕು, ಅದನ್ನೊಡ್ಡಿ ಏನನ್ನೂ ಬೇಡಬಾರದು. ಇದು ತಿಳಿದೂ ಆ ವರ್ಷದ ಕೊನೆಯಲ್ಲಿ ದೇವಾಲಯದ ಚಾಪೆಯ ಮೇಲೆ ಕುಳಿತು ಬೇಡಿದೆ. ಕುರಾತಾನಿಗೆ ಕೆಡುಕಾಗುವುದು ಬೇಡ, ದೂರದ ಊರಿಗೆ ವರ್ಗವಾದರೆ ಸಾಕು.

ಜನವರಿಯ ಅರ್ಜಿ ಬಂತು. ಅದು ಒಂದೇ ಬರಹದ ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಹೋಲಿಸಿ, ಎಲ್ಲಿ ಏನು ಬದಲಾಗಿದೆಯೆಂದು ಪಟ್ಟಿ ಮಾಡುವ ಸಾಫ್ಟ್‌ವೇರ್. ಅವಳು ಮಾಡಿದ್ದರಲ್ಲೆಲ್ಲ ಶ್ರೇಷ್ಠವಾದದ್ದು ಅದೇ. ಹಳೆಯ ಪ್ರತಿಯಲ್ಲಿ ಹೀಗಿತ್ತು: "ಕುರಾತಾ ಅವರಿಗೆ ಸಪ್ಪೊರೊಗೆ ವರ್ಗವಾಗಿದೆ. ಅಲ್ಲಿಯ ಮನೆಗೆ ಎರಡು ಕೋಣೆ. ಇಪ್ಪತ್ತನೆಯ ತಾರೀಕಿಗೆ ಉತ್ತರ ಕೊಡಬೇಕು." ಹೊಸ ಪ್ರತಿಯಲ್ಲಿ ಎರಡು ಹೋಗಿ ಮೂರು ಕೋಣೆಯಾಗಿತ್ತು. ಉಳಿದದ್ದೆಲ್ಲ ಹಾಗೇ.

ಬೇಡಿದ್ದು ಫಲಿಸಿತ್ತು, ಅವಳನ್ನೂ ಸೇರಿಸಿಕೊಂಡು. ಇಬ್ಬರಿಗಾದರೆ ಎರಡು ಕೋಣೆ ಸಾಕು. ಮೂರನೆಯದು ಯಾರಿಗೆ?

ಆಮೇಲೆ ಮಾಡಿದ ಕೆಲಸಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಅರ್ಜಿಯನ್ನು ಶುದ್ಧಪ್ರತಿ ಮಾಡುವಾಗ ಹೊಸ ಪ್ರತಿಯನ್ನು ನಾನೇ ತಿದ್ದಿ ಬರೆದೆ: "ಕುರಾತಾ ಅವರಿಗೆ ಸಪ್ಪೊರೊಗೆ ವರ್ಗವಾಗಿದೆ. ಅಲ್ಲಿಯ ಮನೆ ಸೋರುತ್ತದೆ. ಉತ್ತರ ಕೊಡುವ ಅಗತ್ಯವಿಲ್ಲ." ಅರ್ಧ ಗಂಟೆ ಹಾಯೆನಿಸಿತು. ಸರಿಪಡಿಸಬೇಕೆನ್ನುವಷ್ಟರಲ್ಲಿ ಕಾಗದ ಪೇಟೆಂಟ್ ವಕೀಲರ ಕಚೇರಿಗೆ ಹೋಗಿಯಾಗಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ.

ನಾಲ್ಕು ದಿನದ ಮೇಲೆ ವಕೀಲರಿಂದ ಫೋನ್ ಬಂತು. ಅರ್ಜಿಯ ಜೊತೆಗಿನ ಚಿತ್ರದಲ್ಲಿ ಸಾಫ್ಟ್‌ವೇರ್ ಒಂದೇ ಬದಲಾವಣೆಯನ್ನು ಗುರುತಿಸಿದೆ, ಬರಹದಲ್ಲಿ ಎರಡು ವಾಕ್ಯಗಳೇ ಬೇರೆಯಾಗಿವೆ, ಹಾಗಾದರೆ ಈ ಸಾಧನ ಕೆಲಸವನ್ನೇ ಮಾಡುವುದಿಲ್ಲವೇ ಎಂದು ಅವರ ಪ್ರಶ್ನೆ. ಮರುದಿನ ಕಂಪನಿ ಅದನ್ನು ವಸ್ತುಪ್ರದರ್ಶನದಲ್ಲಿ ತೋರಿಸುವುದಿತ್ತು. ಅರ್ಜಿ ಸಲ್ಲಿಸುವ ಮೊದಲೇ ತೋರಿಸಿಬಿಟ್ಟರೆ ಪೇಟೆಂಟ್ ಕೈತಪ್ಪುತ್ತದೆ.

ಮಿಸಾವೊ ನಮ್ಮ ವಿಭಾಗಕ್ಕೆ ಓಡಿಬಂದಳು. ಎಲ್ಲರ ಮುಂದೆ, ಸ್ಪಷ್ಟವಾಗಿ ಕೇಳಿದಳು.

"ಸೆಗಾವಾ ಅವರೇ, ನನ್ನ ಕುರಾತಾ ಅವರ ಮನೆ ಯಾಕೆ ಸೋರ್ತಾ ಇದೆ?"

ಮೇಲಧಿಕಾರಿ ದೋಯಿ ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಏನಯ್ಯಾ ಇದು? ಎಲ್ಲರ ಕಾಗದದಲ್ಲೂ ಹವೆ ಚೆನ್ನಾಗಿರುತ್ತೆ. ಇವರದ್ರಲ್ಲಿ ಮಾತ್ರ ಹೇಗೆ ಸೋರಿತು?"

"ತಪ್ಪಾಯ್ತು, ಸಾರ್."

"ತಪ್ಪಾದದ್ದು ಕಾಣ್ತಾ ಇದೆ. ಮೊದಲು ಸರಿಮಾಡು. ಆಮೇಲೆ ತಪ್ಪೊಪ್ಪಿಗೆ ಪತ್ರ ಬರಿ. ಕಾರಣ ಒಂದು ಸಾಲಿರಲಿ. ಕೆಳಗೆ ಓಗಿನೊ ಅವರ ಹೆಸರಿನ ಮುದ್ರೆ ಬೇಕು, ನನ್ನದೂ ಬೇಕು."

ತಿದ್ದಿದ ಪ್ರತಿಯನ್ನು ನಾವಿಬ್ಬರೂ ಪೇಟೆಂಟ್ ಕಚೇರಿಗೆ ಒಯ್ದು, ಅಂದು ಸಂಜೆ ನಾಲ್ಕಕ್ಕೆ ಅರ್ಜಿ ಸಲ್ಲಿಸಿದೆವು. ಅವಳ ಉಪಾಯ ಉಳಿಯಿತು. ಬರುವಾಗ ರೈಲಿನಲ್ಲಿ ಅವಳು ಬೇರೆ ಬೋಗಿಯಲ್ಲಿ ಕುಳಿತಳು.

ಆ ತಿಂಗಳು ವಿಭಾಗದ ಕಾಗದಗಳನ್ನೆಲ್ಲ, ಪರೀಕ್ಷೆಗಾಗಿ, ಪ್ರಯೋಗಶಾಲೆಯ ಹೊಸ ಬರಹದ ಯಂತ್ರದಲ್ಲೇ ಮಾಡಬೇಕಿತ್ತು. ತಪ್ಪೊಪ್ಪಿಗೆಯನ್ನೂ ಅದರಲ್ಲೇ ಬರೆದೆ. "ಕಾರಣ" ಎಂಬಲ್ಲಿ ಬೆರಳು ತಾನಾಗಿ "ಹೊಟ್ಟೆಕಿಚ್ಚು" ಎಂದು ಒತ್ತಿತು. ಆ ಪದವನ್ನು ಪರದೆಯ ಮೇಲೆ ಬಹಳ ಹೊತ್ತು ನೋಡಿದೆ. ಕೆಲಸ ಮುಗಿಯುವ ಗಂಟೆ ಬಾರಿಸಿತು. ಹಾಗೇ ಉಳಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ಅದನ್ನು ಅಳಿಸಿ "ಅಜಾಗರೂಕತೆ" ಎಂದು ಬರೆದು ಅಚ್ಚು ತೆಗೆದೆ.

ಊಟದ ಬಿಡುವಿನಲ್ಲಿ ಪ್ರಯೋಗಶಾಲೆಯಲ್ಲಿ ಅವಳೊಬ್ಬಳೇ ಇದ್ದಳು. ಕಾಗದವನ್ನು ಎರಡೂ ಕೈಗಳಲ್ಲಿ ಹಿಡಿದು, ತಲೆ ಬಾಗಿಸಿ ಅವಳ ಮುಂದಿಟ್ಟೆ.

"ಇದಕ್ಕೆ ಮುದ್ರೆ ಹಾಕಲ್ಲ" ಎಂದಳು.

"ಯಾಕೆ?"

"ಸುಳ್ಳು ಬರೆದಿದೀರಿ."

ಅವಳು ಒಂದು ಉದ್ದನೆಯ ಹಾಳೆಯನ್ನು ನನ್ನ ಕಡೆ ತಳ್ಳಿದಳು. ನಮ್ಮ ಕಾಗದಗಳ ಹಳೆಯ ಪ್ರತಿ, ಹೊಸ ಪ್ರತಿಗಳನ್ನು ಅವಳ ಸಾಫ್ಟ್‌ವೇರ್ ಪ್ರತಿದಿನ ಹೋಲಿಸುತ್ತಿತ್ತು. ಆ ಪಟ್ಟಿಯನ್ನು ಓದಿ ಪರೀಕ್ಷಿಸುವುದು ಅವಳ ಕೆಲಸ. ಇದನ್ನು ನಾನೇ ನಾಲ್ಕು ಪುಟ ಕಾನೂನಿನ ಭಾಷೆಯಲ್ಲಿ ಬರೆದಿದ್ದೆ, ಆದರೂ ನನಗೆ ಹೊಳೆದಿರಲಿಲ್ಲ.

"ಹನ್ನೊಂದನೇ ಸಾಲು. ಅಲ್ಲಿ ಮೊದಲು ಏನಿತ್ತು, ಓದಿ."

"ಗಟ್ಟಿಯಾಗಾ?"

"ಹೂಂ. ಯಂತ್ರ ಸರಿಯಾಗಿ ಕೆಲಸ ಮಾಡಿದೆಯೋ ಇಲ್ವೋ ನನಗೆ ಗೊತ್ತಾಗ್ಬೇಕಲ್ಲ."

ನಾನು ಓದಿದೆ.

"ಯಾರ ಮೇಲೆ ಹೊಟ್ಟೆಕಿಚ್ಚು?"

"ಕುರಾತಾ ಅವರ ಮೇಲೆ."

"ಅವರು ನಿಮಗೇನು ಮಾಡಿದ್ರು?"

"ಸೋಬಾ ತಿಂದ್ರು."

ಅವಳು ನಗಬಾರದೆಂದು ಹಟ ಹಿಡಿದದ್ದು ಕಾಣುತ್ತಿತ್ತು. ಕೆನ್ನೆಯ ಒಳಗನ್ನು ಕಚ್ಚಿಕೊಂಡಳು. ಕೊನೆಗೆ ಸೋತು, ಹಣೆಯನ್ನು ಹಾಳೆಯ ಮೇಲೆ ಊರಿ, ಭುಜ ಕುಲುಕುವಂತೆ ನಕ್ಕಳು. ತಲೆ ಎತ್ತಿದಾಗ ಹಣೆಗೆ ಅಚ್ಚಿನ ಮಸಿ ಹತ್ತಿತ್ತು.

"ಅವರು ನಿಜವಾಗ್ಲೂ ಇದಾರಾ?" ಎಂದು ಕೇಳಿದೆ.

"ಇದಾರೆ. ಸೋದರಮಾವ ತಂದ ಸಂಬಂಧ. ಸೇತುವೆ ಕಟ್ಟೋ ಇಂಜಿನಿಯರು. ಒಳ್ಳೇ ಮನುಷ್ಯ. ಮೂರೇ ಸಲ ಭೇಟಿಯಾದದ್ದು, ನೇರವಾಗಿ ಕೇಳಿದ್ರು." ಅವಳ ನಗು ನಿಂತಿತು. "ನೀವು ಎರಡು ವರ್ಷದಿಂದ ತಿಂಗಳು ತಿಂಗಳು ನೋಡ್ತಾ ಇದೀರಿ. ನೀವು ಕೇಳಿದ್ದೇನು? ಮೇಲ್ಕಂಡ ಪದಸಮೂಹ ಅಂದ್ರೆ ಯಾವುದು!"

"ನಾನು ಓದ್ಲಿ ಅಂತಾನೇ ಅವನ್ನ ಬರೆದ್ರಾ?"

"ಅಷ್ಟೊಂದು ಗರ್ವ ಬೇಡ. ಮೊದಲನೇದು, ಬೇರೆ ವಾಕ್ಯ ಹೊಳೀಲಿಲ್ಲ ಅಂತ ಬರೆದೆ." ಪೆನ್ಸಿಲನ್ನು ಬೆರಳುಗಳ ನಡುವೆ ತಿರುಗಿಸಿದಳು. "ಅದನ್ನ ಓದ್ತಾ ನಿಮ್ಮ ಕಿವಿ ಕೆಂಪಾಯ್ತು. ಆಮೇಲೆ ನಿಲ್ಲಿಸೋಕೆ ಮನಸ್ಸಾಗಲಿಲ್ಲ."

"ಮೂರು ಕೋಣೆ?"

"ಅವರ ಪತ್ರದಲ್ಲಿ ಹಾಗೇ ಇತ್ತು. ಅದನ್ನ ಓದಿದ ಮೇಲಾದ್ರೂ ಏನಾದ್ರೂ ಹೇಳ್ತೀರಿ ಅಂದುಕೊಂಡೆ. ನೀವು ಮನೇನೇ ಸೋರಿಸಿಬಿಟ್ರಿ."

ಕಿಟಕಿಯಾಚೆ ಕಾರ್ಖಾನೆಯವರು ಚೆಂಡಾಡುತ್ತಿದ್ದರು. ಇನ್ನು ಐದು ನಿಮಿಷದಲ್ಲಿ ಗಂಟೆ ಹೊಡೆಯುತ್ತದೆ. ಈಗ ಹೇಳದಿದ್ದರೆ ಮತ್ತೆ ತಿಂಗಳ ಕೊನೆ. ಅಷ್ಟರೊಳಗೆ ಇಪ್ಪತ್ತನೆಯ ತಾರೀಕು ಬಂದು ಹೋಗಿರುತ್ತದೆ.

"ಸಪ್ಪೊರೊಗೆ ಹೋಗಬೇಡಿ. ನನ್ನ ಮನೆಗೆ ಒಂದೇ ಕೋಣೆ. ಆದ್ರೂ ಕೇಳ್ತಾ ಇದೀನಿ."

ಅವಳು ತಪ್ಪೊಪ್ಪಿಗೆಯನ್ನು ಎಳೆದುಕೊಂಡು, "ಅಜಾಗರೂಕತೆ" ಎಂಬುದರ ಮೇಲೆ ಗೆರೆ ಹೊಡೆದು, ಪಕ್ಕದಲ್ಲಿ ತನ್ನ ಕೈಯಾರೆ "ಹೊಟ್ಟೆಕಿಚ್ಚು" ಎಂದು ಬರೆದು, ಕೆಳಗೆ ಮುದ್ರೆ ಒತ್ತಿದಳು. ನಿಧಾನವಾಗಿ, ಅಂಚು ಚದುರದ ಹಾಗೆ.

ದೋಯಿ ಅದನ್ನು ಎರಡು ಸಲ ಓದಿ, ಮಡಿಸಿ, ಒಳಜೇಬಿನಲ್ಲಿಟ್ಟುಕೊಂಡರು. "ಇದು ನನಗಿರಲಿ. ಇಪ್ಪತ್ತು ವರ್ಷದಲ್ಲಿ ನಿಜವಾದ ಕಾರಣ ಬರೆದವನು ನೀನೊಬ್ಬನೇ ಕಣಯ್ಯಾ. ಕಡತಕ್ಕೆ ಮಾಮೂಲಿನದೊಂದು ಬರಿ, ಹೋಗು" ಎಂದರು.

ಇಪ್ಪತ್ತನೆಯ ತಾರೀಕು ಭಾನುವಾರ. ಒಲ್ಲೆನೆಂಬುದನ್ನು ಕಾಗದದಲ್ಲಿ ತಿಳಿಸುವುದು ಮರ್ಯಾದೆಯಲ್ಲವೆಂದು ಮಿಸಾವೊ ಕುರಾತಾನನ್ನು ತಾನೇ ಕಾಣಲು ಹೋದಳು. ನನ್ನನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿ, "ಎಲ್ಲೂ ಹೋಗಬೇಡಿ" ಎಂದಳು. ಒಂದು ಗಂಟೆ ನಲವತ್ತು ನಿಮಿಷ ಕುಳಿತೆ. ಒಲ್ಲೆ ಎನ್ನಲು ಇಷ್ಟು ಹೊತ್ತೇಕೆ? ಹಿಂದಿನ ನಾಲ್ಕು ತಿಂಗಳ ಉರಿಯೆಲ್ಲ ಆ ಬೆಂಚಿನ ಉರಿಯ ಮುಂದೆ ಏನೂ ಅಲ್ಲ. ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಅತ್ತಿರಾ?"

"ಇಬ್ಬರೂ ಅತ್ವಿ."

"ಏನು ಹೇಳಿದ್ರಿ ಅವರಿಗೆ?"

"ಅದು ಅವರಿಗೆ ಹೇಳಿದ್ದು" ಎಂದು ನನ್ನ ಕೋಟಿನ ತೋಳು ಹಿಡಿದುಕೊಂಡಳು.

ಮೂವತ್ತೊಂಬತ್ತು ವರ್ಷ ಆ ಕೈ ನನ್ನ ತೋಳನ್ನು ಬಿಡಲಿಲ್ಲ. ಆ ಭಾನುವಾರದ ಮಾತನ್ನು ಮಾತ್ರ ಹೇಳಲಿಲ್ಲ. ನಾನು ಮುನಿಸು ಮಾಡಿ ಕೇಳಿದೆ, ಜಗಳವಾಡಿ ಕೇಳಿದೆ. ಆಸ್ಪತ್ರೆಯಲ್ಲಿ ಅವಳ ಕೈಯಲ್ಲಿ ಬರಿಯ ಮೂಳೆ ಉಳಿದಿದ್ದಾಗಲೂ ಕೇಳಿದೆ. "ಇನ್ನೂ ಕಿವಿ ಕೆಂಪಾಗುತ್ತಲ್ಲ ನಿಮಗೆ" ಎಂದು ನಕ್ಕಳು. ಈ ಫೆಬ್ರವರಿಯಲ್ಲಿ, ಹಿಮ ಬೀಳುತ್ತಿದ್ದ ಒಂದು ಬೆಳಿಗ್ಗೆ ಹೋದಳು.

ಅವಳು ಹೋದ ನಲವತ್ತೊಂಬತ್ತನೆಯ ದಿನ ದೇವಾಲಯದಲ್ಲಿ ನಡೆದ ಪೂಜೆಗೆ ಸಪ್ಪೊರೊದಿಂದ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಹೆಸರು ಹೇಳುವ ಮೊದಲೇ ತಿಳಿಯಿತು. ಕುರಾತಾನನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳ. ಧೂಪ ಹಾಕಿದ, ಕೈ ಜೋಡಿಸಿದ, ಅವಳ ಪಟದ ಮುಂದೆ ಬಹಳ ಹೊತ್ತು ಅತ್ತ. ಅಷ್ಟು ಹೊತ್ತು ಅಳಲು ಅವನಿಗೇನು ಹಕ್ಕು ಎಂದು ನನ್ನ ಹೊಟ್ಟೆ ಉರಿಯಿತು. ನಾಮ ಹೇಳುತ್ತಿದ್ದ ಬಾಯಿ ತಡವರಿಸಿತು.

ಎಲ್ಲರೂ ಹೋದ ಮೇಲೆ ಅವನು ನನ್ನ ಪಕ್ಕದಲ್ಲಿ ಕುಳಿತ.

"ಆ ಭಾನುವಾರ ಅವರು ನನಗೆ ಒಂದು ಮಾತು ಹೇಳಿದ್ರು. ನಿಮ್ಮ ವಿಷಯವಾಗಿ. ನಿಮಗೆ ಗೊತ್ತೇ ಇರ್ಬೇಕು."

"ಇಲ್ಲ."

"ಹೇಳಲಾ?"

ಬೇಗ ಹೇಳಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಅವಳು ಆಡಿದ್ದನ್ನೆಲ್ಲ ನಾನು ಕೇಳಿಯಾಗಿದೆ. ಇನ್ನು ಹೊಸದು ಬರುವುದಿಲ್ಲ. ನಾನು ಕೇಳದಿರುವ ಅವಳ ಮಾತು ಈ ಲೋಕದಲ್ಲಿ ಒಂದೇ ಉಳಿದಿದೆ, ಅದೂ ಈ ಮನುಷ್ಯನ ಹತ್ತಿರ.

"ಇವತ್ತು ಬೇಡ. ವರ್ಷದ ಪೂಜೆಗೆ ಬನ್ನಿ. ಆಗ ಹೇಳಿ."

"ನನಗೆ ಎಪ್ಪತ್ತಮೂರು, ಸೆಗಾವಾ ಅವರೇ. ಅಲ್ಲೀವರೆಗೆ ಇರ್ತೀನೋ ಇಲ್ವೋ."

"ಇರಲೇಬೇಕು."

ಅವನು ಎದ್ದ. ಹೊರಗೆ ದೇವಾಲಯದ ಕಲ್ಲು ಮೆಟ್ಟಿಲುಗಳು ಒದ್ದೆಯಾಗಿದ್ದವು. ನಾನು ಅವನ ಕೋಲನ್ನು ಇಸಿದುಕೊಂಡು, ಮೊಣಕೈ ಕೆಳಗೆ ಕೈ ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸಿದೆ.

"ಹುಷಾರು, ಜಾರುತ್ತೆ" ಎಂದೆ. "ನನ್ನ ಮೇಲೆ ಭಾರ ಬಿಡಿ."